ಕಾರಿಗೆ ಹಲ್ಲುಜ್ಜಿದ ವಾರ

ಈ ಲೋಕದಲ್ಲಿ ಹೋಗದ ಕಲೆ ಅಂತ ಒಂದಿಲ್ಲ, ಸರಿಯಾಗಿ ಕೇಳದೆ ಬಿಟ್ಟ ಪ್ರಶ್ನೆ ಇರುತ್ತದೆ ಅಷ್ಟೇ. ಇದು ಆಕೆಯ ಸಿದ್ಧಾಂತ. ಬರೀ ಸಿದ್ಧಾಂತವಲ್ಲ, ಹೊಟ್ಟೆಪಾಡು. ದೊಡ್ಡ ಲಾಂಡ್ರಿಯೊಂದರಲ್ಲಿ ಕಲೆ ತೆಗೆಯುವ ಮೇಜು ಆಕೆಯದು. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಊರಿನ ಜನ ಚೆಲ್ಲಿಕೊಂಡದ್ದು, ಸಿಡಿಸಿಕೊಂಡದ್ದು, ಕೂತು ಎದ್ದಮೇಲೆ ಅಂಟಿಸಿಕೊಂಡು ಬಂದದ್ದು ಎಲ್ಲವೂ ಆ ಮೇಜಿಗೆ ಬಂದು ಶರಣಾಗುತ್ತಿತ್ತು. ಬಟ್ಟೆ ತಂದವರಿಗೆ ಆಕೆ ಮೂರೇ ಪ್ರಶ್ನೆ ಕೇಳುತ್ತಿದ್ದಳು. ಯಾವಾಗ ಆಯಿತು? ಯಾವುದರಿಂದ ಆಯಿತು? ಇಲ್ಲಿಗೆ ತರುವ ಮೊದಲು ನೀವೇ ಏನು ಹಚ್ಚಿ ಉಜ್ಜಿದಿರಿ? ಮೊದಲೆರಡಕ್ಕೆ ಜನ ನಿಜ ಹೇಳುತ್ತಿದ್ದರು. ಮೂರನೆಯದಕ್ಕೆ ಮಾತ್ರ, ತಲೆ ನರೆತ ಹಿರಿಯರೂ ಸೇರಿ ಎಲ್ಲರೂ, "ಏನೂ ಹಚ್ಚಿಲ್ಲಮ್ಮ, ಹಾಗೇ ತಂದೆ" ಎಂದು ಕಣ್ಣು ಪಿಳುಕಿಸದೆ ಸುಳ್ಳು ಹೇಳುತ್ತಿದ್ದರು.

ಗಂಡನದು ಇದಕ್ಕೆ ತದ್ವಿರುದ್ಧ ಉದ್ಯೋಗ. ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ ಗೀರು ಹುಡುಕುವುದು. ಗಾಜನ್ನು ದೀಪಕ್ಕೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಕತ್ತು ವಾಲಿಸಿ ನೋಡುವುದು. ವರ್ಷಗಟ್ಟಲೆ ಇದನ್ನೇ ಮಾಡಿ ಆತನ ಕತ್ತು ಎಡಕ್ಕೆ ಕೊಂಚ ವಾಲಿಯೇ ನಿಂತುಬಿಟ್ಟಿತ್ತು. ಮದುವೆಯ ಫೋಟೋದಲ್ಲೂ ಹಾಗೇ ಇದೆ. ನೋಡಿದವರು ನಾಚಿಕೆ ಎಂದುಕೊಳ್ಳುತ್ತಾರೆ. ಒಬ್ಬರು ಅಳಿಸುವವರು, ಇನ್ನೊಬ್ಬರು ಹುಡುಕುವವರು. ಇಂಥ ಸಂಸಾರದಲ್ಲಿ ಹುಟ್ಟಿದ ಮೂರೂವರೆ ವರ್ಷದ ಮಗಳು ಸಹಜವಾಗಿಯೇ ಕಲೆ ಮಾಡುವವಳಾಗಿದ್ದಳು. ಹುಟ್ಟಿದ ಗಳಿಗೆಯಿಂದ ಬಿಡುವಿಲ್ಲದೆ ನುಡಿಯುತ್ತಲೇ ಇದ್ದುದರಿಂದ ಅವಳಿಗೆ ಪಿಟೀಲು ಎಂಬ ಅಡ್ಡಹೆಸರು ಬಿದ್ದಿತ್ತು.

ಮನೆಯಲ್ಲೊಂದು ನೀಲಿ ಕಾರು. ಗಂಡನ ಕಣ್ಮಣಿ. ಹೆಂಡತಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದು ಎದುರಿಗಿಟ್ಟಾಗ ಆತ ಇಲ್ಲ ಎನ್ನಲಿಲ್ಲ. ಒಂದು ಒಪ್ಪಂದ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. "ಮೂವತ್ತು ದಿನ ಕಾರು ಹೆಂಡತಿಯ ಸುಪರ್ದಿಗೆ. ಒಂದು ಗೀರೂ ಬೀಳದಿದ್ದರೆ ಎರಡನೆಯ ಕೀಲಿ ಶಾಶ್ವತವಾಗಿ ಅವಳದು. ಗೀರು ಬಿದ್ದರೆ ಕೀಲಿ ವಾಪಸ್. ಗೀರು ಎಂದರೆ, ಬೆಳಕಿಗೆ ಓರೆಯಾಗಿ ನೋಡಿದಾಗ ಕಾಣುವ ಯಾವುದೇ ಗುರುತು." ಕೆಳಗೆ ಇಬ್ಬರ ಸಹಿ. ಸಾಕ್ಷಿಯಾಗಿ ಪಿಟೀಲು ಎಳೆದ ಒಂದು ಕೆಂಪು ಗೀರು.

ಕೀಲಿ ಸಿಕ್ಕ ಮೊದಲ ದಿನವೇ ಆಕೆ ಬಸ್ ನಿಲ್ದಾಣಕ್ಕೆ ಹೋಗಿ, ದಿನವೂ ಹತ್ತುತ್ತಿದ್ದ ಎಂಟು ಹತ್ತರ ಬಸ್ಸಿನ ಕಂಡಕ್ಟರಮ್ಮನಿಗೆ ವಿದಾಯ ಹೇಳಿ ಬಂದಿದ್ದಳು.

"ಇವತ್ತಿಗೆ ನಮ್ಮ ನಿಮ್ಮ ಋಣ ತೀರ್ತು ಕಣ್ರೀ. ಇನ್ಮೇಲೆ ಕಾರು."

"ಎಲ್ಲಾರೂ ಹಾಗೇ ಅಂತಾರೆ," ಎಂದಳು ಕಂಡಕ್ಟರಮ್ಮ. "ಹತ್ತೋದಿಲ್ಲ ಅಂದ್ರೆ ಬಾಗಿಲು ಬಿಟ್ಟು ನಿಂತ್ಕೊಳ್ಳಿ."

ಆ ದಿನದ ದಿನಚರಿಯಲ್ಲಿ ಆಕೆ ಬರೆದುಕೊಂಡದ್ದು ಒಂದೇ ಸಾಲು: "ಇನ್ನು ಈ ಜನ್ಮದಲ್ಲಿ ಆ ಬಸ್ಸಿನ ಮೆಟ್ಟಿಲು ತುಳಿಯುವುದಿಲ್ಲ." ಇದು ಜಂಭವಲ್ಲ. ಮಧ್ಯಾಹ್ನ ಶಿಶುವಿಹಾರದಿಂದ ಬರುವಾಗ ಪಿಟೀಲು ಬಸ್ಸಿನಲ್ಲೇ ನಿದ್ದೆ ಹೋಗುತ್ತಿದ್ದಳು. ಒಂದು ಭುಜಕ್ಕೆ ಮಗು, ಇನ್ನೊಂದಕ್ಕೆ ಚೀಲ, ಹಲ್ಲಲ್ಲಿ ಟಿಕೆಟ್ಟು, ನಲವತ್ತು ನಿಮಿಷ ನಿಂತೇ ಪ್ರಯಾಣ. ಈಗಲೋ, ಮಗು ಹಿಂದಿನ ಸೀಟಿನಲ್ಲಿ ಬಾಯಿ ಅರೆತೆರೆದು ಮಲಗಿರುತ್ತದೆ, ಕನ್ನಡಿಯಲ್ಲಿ ಆ ಮುಖ ನೋಡುತ್ತ ಮನೆ ಸೇರಬಹುದು. ಆ ಕನ್ನಡಿಗಾಗಿ ಆಕೆ ಇನ್ನೂ ನಾಲ್ಕು ಕಲಮುಗಳಿಗೆ ಬೇಕಾದರೂ ಸಹಿ ಹಾಕುತ್ತಿದ್ದಳು.

ಇಪ್ಪತ್ತೈದು ದಿನ ಎಲ್ಲವೂ ಸುಸೂತ್ರ. ಇಪ್ಪತ್ತಾರನೆಯದು ಬುಧವಾರ. ಗಂಡ ಬೇರೆ ಊರಿನಲ್ಲಿ ತರಬೇತಿಗೆ ಹೊರಟಿದ್ದ, ಶನಿವಾರ ಸಂಜೆ ವಾಪಸ್. ಅವನನ್ನು ಸ್ಟೇಷನ್ನಿಗೆ ಬಿಟ್ಟು, ಬರುವ ದಾರಿಯಲ್ಲಿ ತಿಂಗಳ ಸಾಮಾನನ್ನೆಲ್ಲ ಕಾರಿಗೆ ತುಂಬಿಸಿದಳು. ಒಂದು ಮೂಟೆ ಅಕ್ಕಿ, ಎರಡು ಎಣ್ಣೆ ಡಬ್ಬ, ಲಾಂಡ್ರಿಗೆ ಬೇಕಾದ ಸಾಬೂನು ಪುಡಿಯ ಎರಡು ದೊಡ್ಡ ಚೀಲ, ಮೇಲೆ ಪಿಟೀಲು. ತುಂಬಿದ ಬಸುರಿಯ ಹಾಗೆ ಕಾರು ಮೆಲ್ಲಗೆ ಕಟ್ಟಡದ ನೆಲಮಾಳಿಗೆಗೆ ಇಳಿಯಿತು. ಅವರ ಜಾಗದ ಪಕ್ಕದಲ್ಲೇ ಏಳನೆಯ ಕಂಬ. ಹಳದಿ ಬಣ್ಣ ಬಳಿದ, ಎರಡು ಆನೆ ಕಟ್ಟಬಹುದಾದಂಥ ಕಂಬ.

ಹಿಂದಿನ ಸೀಟಿನಿಂದ ಪ್ರಶ್ನೆ ಬಂತು. "ಅಮ್ಮಾ, ಕಂಬಕ್ಕೆ ಯಾಕೆ ಹಳದಿ ಬಣ್ಣ?"

"ಎಲ್ಲರಿಗೂ ಚೆನ್ನಾಗಿ ಕಾಣಲಿ ಅಂತ ಮರಿ," ಎಂದು ಹೇಳಲು ಆಕೆ ಹಿಂದಕ್ಕೆ ತಿರುಗಿದಳು.

ಸರ್ರ್ ಎಂದು ಒಂದು ಸದ್ದು. ಮಾಗಿದ ಹಲಸಿನ ಮೇಲೆ ಯಾರೋ ಉಗುರಿನಿಂದ ಕೆರೆದಂತೆ.

ಇಳಿದು ನೋಡಿದರೆ ಎಡಗಡೆಯ ಹಿಂದಿನ ಬಾಗಿಲಿನ ಉಬ್ಬಿನ ಮೇಲೆ ಒಂದು ಮೊಳ ಉದ್ದದ ಹಳದಿ ಪಟ್ಟೆ. ನೀಲಿಯ ಮೇಲೆ ಹಳದಿ. ಇದನ್ನು ನೋಡಲು ಗಾಜಿನ ಕಾರ್ಖಾನೆಯ ಕಣ್ಣೂ ಬೇಡ, ಓರೆ ಬೆಳಕೂ ಬೇಡ. ಆದರೆ ಬೆರಳಿನಿಂದ ಸವರಿ ನೋಡಿದಾಗ ವೃತ್ತಿಬುದ್ಧಿ ಎಚ್ಚರವಾಯಿತು. ಕಾರಿನ ಬಣ್ಣ ಆಳವಾಗಿ ಕಿತ್ತು ಹೋಗಿರಲಿಲ್ಲ, ಕಂಬದ ಬಣ್ಣ ಬಂದು ಕೂತಿತ್ತು. ಅಂದರೆ ಇದು ಗಾಯವಲ್ಲ, ಕಲೆ. ಕಲೆ ಅಂದಮೇಲೆ ಆಕೆಯ ಮೇಜಿನ ವ್ಯವಹಾರ.

"ಅಪ್ಪ ಬೈತಾರಾ?" ಎಂದಳು ಪಿಟೀಲು.

"ಅಪ್ಪನಿಗೆ ಕಂಡ್ರೆ ತಾನೇ ಬೈಯೋದು."

ಅವತ್ತೇ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ. ಅರ್ಧ ಗಂಟೆ ಉಜ್ಜಿದಳು. ಬಾಗಿಲಿನ ಧೂಳೆಲ್ಲ ಹೋಗಿ ಹಳದಿ ಪಟ್ಟೆ ಇನ್ನಷ್ಟು ಲಕ್ಷಣವಾಗಿ ಎದ್ದು ಕಂಡಿತು.

ಮರುದಿನ ಲಾಂಡ್ರಿಯಲ್ಲಿ ಇಸ್ತ್ರಿ ಅಕ್ಕನ ಹತ್ತಿರ ಮೆಲ್ಲಗೆ ವಿಷಯ ತೆಗೆದಳು. ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದ ಆ ಹೆಂಗಸಿನ ಕೈಯಲ್ಲಿ ಅಂಗಿಯ ಸುಕ್ಕೂ ನಿಲ್ಲುತ್ತಿರಲಿಲ್ಲ, ಎದುರಿಗಿದ್ದವರ ಸುಳ್ಳೂ ನಿಲ್ಲುತ್ತಿರಲಿಲ್ಲ.

"ಅಕ್ಕಾ, ಒಬ್ಬ ಗಿರಾಕಿ ಕೇಳಿದ್ರು. ಕಾರಿಗೆ ಕಂಬದ ಬಣ್ಣ ಹತ್ತಿದ್ರೆ ಏನ್ಮಾಡಬೇಕು ಅಂತ."

"ಗಿರಾಕಿ ಕಾರನ್ನ ಮಡಿಸಿ ಚೀಲದಲ್ಲಿ ತಂದಿದ್ರಾ?"

"ಬಾಯಲ್ಲಿ ಕೇಳಿದ್ರು ಅಷ್ಟೇ."

"ಹ್ಞೂಂ. ಯಾವಾಗ ಆಯ್ತಂತೆ?"

"ನಿನ್ನೆ."

"ಯಾವುದರಿಂದ?"

"ಕಂಬದಿಂದ."

"ಇಲ್ಲಿ ಬಂದು ಕೇಳೋಕ್ಮುಂಚೆ ಏನು ಹಚ್ಚಿ ಉಜ್ಜಿದ್ರಂತೆ?"

"ಏನೂ ಹಚ್ಚಿಲ್ಲ," ಎಂದಳು ಆಕೆ, ಕಣ್ಣು ಪಿಳುಕಿಸದೆ.

ಇಸ್ತ್ರಿ ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ಹಾಗಾದ್ರೆ ಅದು ನಿನ್ನದೇ ಕಾರು."

ಮಧ್ಯಾಹ್ನ ಪಿಟೀಲು ಹಿಂದಿನ ಸೀಟಿನಲ್ಲಿ ಮಲಗಿದ್ದಾಗ ನೆಲಮಾಳಿಗೆಯ ಟ್ಯೂಬ್‌ಲೈಟಿನ ಕೆಳಗೆ ಶಸ್ತ್ರಚಿಕಿತ್ಸೆ ಶುರುವಾಯಿತು. ಲಾಂಡ್ರಿಯಿಂದ ತಂದ ಎರಡು ಪುಟ್ಟ ಸೀಸೆ, ಮನೆಯಿಂದ ಉಗುರುಬಣ್ಣ ತೆಗೆಯುವ ದ್ರಾವಣ, ಹತ್ತಿ. ಆದರೆ ನೇರವಾಗಿ ಕಲೆಗೆ ಕೈ ಹಾಕುವಷ್ಟು ಅನನುಭವಿಯಲ್ಲ ಆಕೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡು, ಆಮೇಲೆ ಕಾಣುವ ಕಡೆ ಹಚ್ಚು. ಮದುವೆಯಾದಾಗಿನಿಂದ ಇದನ್ನು ಮನೆಯವರೆಲ್ಲರ ಕಿವಿ ತೂತು ಬೀಳುವಷ್ಟು ಹೇಳಿದ್ದಳು. ಅಂಗಿಗಾದರೆ ಒಳಮಡಿಕೆ ಇದೆ. ಕಾರಿಗೆ? ಸುತ್ತು ಹಾಕಿ ಯೋಚಿಸಿ, ಪೆಟ್ರೋಲ್ ತುಂಬಿಸುವ ಬಾಯಿಯ ಪುಟ್ಟ ಮುಚ್ಚಳ ತೆರೆದಳು. ಅದರ ಒಳಮೈಯೂ ನೀಲಿಯೇ. ಯಾರು ನೋಡುತ್ತಾರೆ ಅಲ್ಲಿ?

ಮುಚ್ಚಳದ ಒಳಗೆ ಆಗಲೇ ಒಂದು ಗುಂಡಿಯಷ್ಟಗಲ ಮಂಕು ಗುರುತಿತ್ತು. "ಕಾಣದ ಕಡೆ ಎಲ್ಲರೂ ಹೀಗೇ. ಕಾರು ಮಾಡೋರು ಇಲ್ಲಿ ಪಾಲಿಷ್ ಮಾಡೋಕೂ ಸೋಮಾರಿತನ ಮಾಡಿದಾರೆ," ಎಂದುಕೊಂಡು ಅದರ ಪಕ್ಕದಲ್ಲೇ ಹತ್ತಿ ಒತ್ತಿದಳು. ಲಾಂಡ್ರಿಯ ಸೀಸೆಗಳಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಉಗುರುಬಣ್ಣದ ದ್ರಾವಣ ಮಾತ್ರ ಕಾರಿನ ಹೊಳಪನ್ನೇ ನೆಕ್ಕಿ ಹಾಕಿತು. ಈಗ ಅಲ್ಲಿ ಒಂದರ ಪಕ್ಕ ಒಂದು, ಎರಡು ಮಂಕು ಗುರುತು. ಬಾಗಿಲಿಗೆ ಹಚ್ಚಿದ್ದರೆ ಎಂದು ನೆನೆದು ಆಕೆ ಸೀಸೆಯ ಬಿರಡೆ ಬಿಗಿದು ದೂರ ಇಟ್ಟಳು.

ಅಷ್ಟರಲ್ಲಿ ಪಿಟೀಲು ಎದ್ದು ಕಿಟಕಿಯಿಂದ ತಲೆ ಹೊರಹಾಕಿದಳು. ಹಳದಿ ಪಟ್ಟೆಯನ್ನು ವೈದ್ಯರ ಗಾಂಭೀರ್ಯದಿಂದ ನೋಡಿ ಹೇಳಿದಳು, "ಅಮ್ಮಾ, ಕಾರು ಹಲ್ಲುಜ್ಜಿಲ್ಲ."

ತಾಯಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಟೂತ್‌ಪೇಸ್ಟ್. ಹಲ್ಲಿನ ಕರೆ ತೆಗೆಯುತ್ತದೆ, ಹಲ್ಲು ತೆಗೆಯುವುದಿಲ್ಲ. ಮಗು ಮುತ್ತಿನಂಥ ಮಾತಾಡಿತ್ತು.

ಮುಚ್ಚಳದ ಪರೀಕ್ಷೆಯಲ್ಲಿ ಟೂತ್‌ಪೇಸ್ಟ್ ಮೊದಲ ದರ್ಜೆಯಲ್ಲಿ ಪಾಸಾಯಿತು. ಒದ್ದೆ ಬಟ್ಟೆಗೆ ಬಟಾಣಿಯಷ್ಟು ಪೇಸ್ಟ್, ಮೆಲ್ಲಗೆ ಸುತ್ತು ಸುತ್ತಾಗಿ ಉಜ್ಜುವುದು, ಒರೆಸುವುದು, ಮತ್ತೆ ಬಟಾಣಿ. ಇಪ್ಪತ್ತು ನಿಮಿಷಕ್ಕೆ ಹಳದಿ ಎಳೆ ಎಳೆಯಾಗಿ ಬಿಟ್ಟಿತು. ನಲವತ್ತಕ್ಕೆ ಹೇಳಹೆಸರಿಲ್ಲ. ಆಕೆ ಕತ್ತು ವಾಲಿಸಿ, ಒಂದು ಕಣ್ಣು ಮುಚ್ಚಿ, ಗಂಡನ ಹಾಗೆಯೇ ಓರೆಯಾಗಿ ನೋಡಿದಳು. ಹಳದಿ ಇಲ್ಲ. ಗೀರಿಲ್ಲ. ಗೆದ್ದೆ ಎಂದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಕಾರನ್ನು ನೋಡಿದಳು.

ಅಲ್ಲೇ ಎಡವಟ್ಟಾದದ್ದು. ಆರು ವರ್ಷ ಬಿಸಿಲು ತಿಂದು ಮಂಕಾದ ಕಾರು. ಅದರ ಒಂದು ಬಾಗಿಲಿನ ನಡುವೆ ಒಂದು ಮೊಳ ಜಾಗ ಮಾತ್ರ ಕನ್ನಡಿಯಂತೆ ಫಳಫಳ. ಮುದುಕನ ಬಾಯಲ್ಲಿ ಒಂದೇ ಒಂದು ಹೊಸ ಹಲ್ಲು ಕಟ್ಟಿಸಿದ ಹಾಗೆ. ಒಪ್ಪಂದದ ಮಾತು ನೆನಪಾಯಿತು: ಬೆಳಕಿಗೆ ಓರೆಯಾಗಿ ನೋಡಿದಾಗ ಕಾಣುವ ಯಾವುದೇ ಗುರುತು. ಹೊಳಪೂ ಗುರುತೇ.

ಹಾಗಾದರೆ ಇಡೀ ಬಾಗಿಲು ಉಜ್ಜಬೇಕು. ಬಾಗಿಲು ಹೊಳೆದರೆ ಪಕ್ಕದ ಬಾಗಿಲು ಮಂಕಾಗಿ ಕಾಣುತ್ತದೆ. ಎಡಭಾಗವೆಲ್ಲ ಹೊಳೆದರೆ ಬಲಭಾಗ ಏನು ಪಾಪ ಮಾಡಿತ್ತು?

ಅವತ್ತು ಸಂಜೆ ಗಂಡನ ಫೋನ್ ಬಂತು. ಆಕೆ ಎತ್ತುವ ಮೊದಲೇ ಪಿಟೀಲು ಎತ್ತಿದ್ದಳು.

"ಅಪ್ಪಾ, ಅಮ್ಮ ಕಾರಿಗೆ ಹಲ್ಲುಜ್ಜಿದ್ಲು."

ಫೋನಿನಾಚೆಯಿಂದ ಗಂಡನ ದನಿ. "ಕಾರಿಗೆ ಹಲ್ಲಿರಲ್ಲ ಮರಿ. ಅಮ್ಮನಿಗೆ ಕೊಡು." ಅಮ್ಮನಿಗೆ ಕೊಟ್ಟಾಗ ಆತ ಕೇಳಿದ್ದು, ಅಲ್ಲಿ ಮೋಡ ಇದೆಯಾ ಎಂದು ಮಾತ್ರ. ಮಗುವಿನ ಮಾತನ್ನು ಯಾರು ನಂಬುತ್ತಾರೆ ಎಂದು ಆಕೆ ನಿರಾಳವಾಗಿ ಫೋನ್ ಇಟ್ಟಳು.

ಶುಕ್ರವಾರ ಬೀದಿ ಮೂಲೆಯ ಅಂಗಡಿಯಲ್ಲಿ ಏಳು ಟೂತ್‌ಪೇಸ್ಟ್ ಕೇಳಿದಳು.

"ಮನೇಲಿ ಎಷ್ಟು ಜನ?" ಎಂದ ಅಂಗಡಿಯವನು.

"ಮೂವರು."

"ಹಲ್ಲು ಜಾಸ್ತಿ ಇರ್ಬೇಕು."

ಶುಕ್ರವಾರ ಮಧ್ಯಾಹ್ನ ಎಡಭಾಗ ಮತ್ತು ಮುಂಭಾಗ. ಶನಿವಾರ ಅರ್ಧ ದಿನದ ರಜೆ ಹಾಕಿ ಬಲಭಾಗ, ಹಿಂಭಾಗ, ನೆತ್ತಿ. ನೆತ್ತಿಗೆ ಕುರ್ಚಿ ಹತ್ತಿ ಉಜ್ಜಿದಳು. ಪಿಟೀಲು ತನ್ನ ಹಳೇ ಹಲ್ಲುಬ್ರಷ್ಷಿನಿಂದ ಚಕ್ರಗಳ ಉಸ್ತುವಾರಿ ವಹಿಸಿಕೊಂಡಿದ್ದಳು. ಸುತ್ತಮುತ್ತ ಪುದೀನ ವಾಸನೆ. ಶನಿವಾರ ನಾಲ್ಕಕ್ಕೆ ಕೆಲಸ ಮುಗಿಯಿತು. ಏಳು ಟ್ಯೂಬೂ ಚಪ್ಪಟೆ. ಕಾರು ಷೋರೂಮಿನಿಂದ ಈಗಷ್ಟೇ ನಡೆದು ಬಂದಂತೆ ನಿಂತಿತ್ತು. ಆಕೆಯ ಎರಡು ಭುಜಗಳು ಮಾತ್ರ ಯಾರದೋ ಮನೆಯಿಂದ ಸಾಲ ತಂದವುಗಳಂತೆ ತೂಗಾಡುತ್ತಿದ್ದವು. ಮತ್ತೆ ಆ ಕಂಬದ ಸಹವಾಸ ಬೇಡವೆಂದು ಕಾರನ್ನು ಗೇಟಿನ ಪಕ್ಕ ಅತಿಥಿಗಳ ಜಾಗದಲ್ಲೇ ನಿಲ್ಲಿಸಿದಳು.

ಐದಕ್ಕೆ ಗಂಡ ಬಂದ. ಚೀಲ ಕೆಳಗಿಟ್ಟವನೇ ಮನೆಗೆ ಹೋಗದೆ ಜೇಬಿನಿಂದ ಪುಟ್ಟ ಟಾರ್ಚ್ ತೆಗೆದ. ಕತ್ತು ವಾಲಿಸಿ, ಒಂದು ಕಣ್ಣು ಮುಚ್ಚಿ, ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಹಿಂದೆಯೇ ಪಿಟೀಲು, ಅವಳ ಕತ್ತೂ ವಾಲಿತ್ತು. ಎಡಗಡೆಯ ಹಿಂದಿನ ಬಾಗಿಲ ಹತ್ತಿರ ಆತ ಬಹಳ ಹೊತ್ತು ನಿಂತ.

"ಈ ಕಾರು ಇಷ್ಟು ಚೆನ್ನಾಗಿತ್ತಾ?" ಎಂದ ಕೊನೆಗೆ.

"ಸ್ವಲ್ಪ ಒರೆಸ್ದೆ."

ಆತ ಆಕೆಯ ಬಳಿಯಿದ್ದ ಕೀಲಿಯನ್ನು ತಾನಿಟ್ಟುಕೊಂಡು, ಎರಡನೆಯ ಕೀಲಿಯನ್ನು ತನ್ನ ಗೊಂಚಲಿನಿಂದ ಬಿಡಿಸಿ ಆಕೆಯ ಅಂಗೈಯಲ್ಲಿಟ್ಟ. "ತಗೋ. ಇನ್ನು ಇದು ನಿನ್ನದೇ."

"ಇನ್ನೂ ಒಂದು ದಿನ ಬಾಕಿ ಇದೆ," ಎಂದಳು ಆಕೆ. ಯಾಕೆ ಅಂದಳೋ ಅವಳಿಗೇ ತಿಳಿಯಲಿಲ್ಲ.

"ಬಿಡು, ನಡೀತದೆ. ಕಾರು ಇಲ್ಯಾಕೆ ನಿಲ್ಸಿದೀಯ? ನಮ್ಮ ಜಾಗಕ್ಕೆ ಹಾಕ್ತೀನಿ ಇರು."

"ನಾನು ಸೈಡ್ ನೋಡ್ತೀನಿ," ಎಂದು ಆಕೆ ಮುಂದೆ ಓಡಿದಳು. ಹಿಂದೆಯೇ ದೀಪ ಹೊತ್ತಿಸಿಕೊಂಡು ಕಾರು ನೆಲಮಾಳಿಗೆಗೆ ಇಳಿಯಿತು. ಬೆಳಕು ಏಳನೆಯ ಕಂಬದ ಮೇಲೆ ಬಿತ್ತು. ಹಳದಿ ಕಂಬದ ಮೈಮೇಲೆ, ಮೊಳಕಾಲಿಗಿಂತ ಕೊಂಚ ಮೇಲೆ, ಅಚ್ಚ ನೀಲಿ.

ಕಂಬ ಕಾರಿಗೆ ಬಣ್ಣ ಕೊಟ್ಟಿತ್ತು. ಬರಿಗೈಲಿ ಕೊಟ್ಟಿರಲಿಲ್ಲ, ಬದಲಿಗೆ ಕಾರಿನದನ್ನೂ ಒಂದಿಷ್ಟು ಇಸಿದುಕೊಂಡಿತ್ತು. ನಾಲ್ಕು ದಿನದಿಂದ ಕಾರನ್ನೇ ನೋಡಿದವಳು ಒಮ್ಮೆಯೂ ಕಂಬದ ಕಡೆ ತಲೆ ಎತ್ತಿರಲಿಲ್ಲ. ಆಕೆ ಒಂದೇ ನೆಗೆತಕ್ಕೆ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

ಗಂಡ ಕಾರು ನಿಲ್ಲಿಸಿ ಇಳಿದ. "ಯಾಕೆ ಹಾಗೆ ಒರಗಿಕೊಂಡಿದೀಯ?"

"ಸುಸ್ತು."

"ಸ್ವಲ್ಪ ಈಚೆ ಬಾ."

"ಇಲ್ಲೇ ಚೆನ್ನಾಗಿದೆ. ತಂಪಾಗಿದೆ."

"ಬಾ ಅಂದೆ."

ಬಂದಳು. ಆತ ಮೊಣಕಾಲೂರಿ ಕೂತು, ಟಾರ್ಚನ್ನು ಓರೆಯಾಗಿ ಹಿಡಿದು, ಕಂಬದ ಮೇಲೆ ಬೆರಳಿಟ್ಟು ಅಳೆದ. ಆಗ ಆಕೆಗೂ ಕಂಡಿತು. ನೀಲಿ ಒಂದಲ್ಲ, ಎರಡು ಪಟ್ಟೆ. ಒಂದರ ಮೇಲೊಂದು.

"ಕೆಳಗಿನದು ಹೊಸದು," ಎಂದ ಆತ. "ಎರಡು ಬೆರಳು ತಗ್ಗಿಗಿದೆ. ನನ್ನನ್ನ ಸ್ಟೇಷನ್ನಿಗೆ ಬಿಟ್ಟು ಬರ್ತಾ ಕಾರಿನ ತುಂಬ ತಿಂಗಳ ಸಾಮಾನು ತಂದಿರ್ತೀಯ. ಇದು ನಿನ್ನದು. ನನ್ನ ಸಲ ಕಾರಲ್ಲಿ ನಾನೊಬ್ಬನೇ ಇದ್ದೆ, ಅದಕ್ಕೇ ನಂದು ಮೇಲಿದೆ..."

ಮಾತು ಬಾಯಿಂದ ಹೊರಬಿದ್ದ ಮೇಲೆ ಆತ ಟಾರ್ಚ್ ಆರಿಸಿದ. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ತಾನೇ ಹೆಗಲು ಮುಟ್ಟಿ ನೋಡಿಕೊಂಡಿದ್ದ.

ಆಕೆ ಮೆಲ್ಲಗೆ ಸೊಂಟಕ್ಕೆ ಕೈಯಿಟ್ಟಳು. ಲಾಂಡ್ರಿಯ ಮೇಜಿನ ಹಿಂದೆ ನಿಲ್ಲುವಂತೆ ನಿಂತಳು.

"ಯಾವಾಗ ಆಯ್ತು?"

"ಹೋದ ವರ್ಷ."

"ಯಾವುದರಿಂದ?"

"ಇದೇ ಕಂಬದಿಂದ. ಫೋನ್ ಬಂತು, ತಿರುಗಿ ನೋಡ್ದೆ."

"ಏನು ಹಚ್ಚಿ ಉಜ್ಜಿದ್ರಿ?"

ಆತ ಕತ್ತನ್ನು ಇನ್ನಷ್ಟು ವಾಲಿಸಿದ. ಈ ಸಲ ನಿಜವಾಗಿಯೂ ನಾಚಿಕೆಯೇ. "ಮೊದಲು ನಿನ್ನ ಉಗುರುಬಣ್ಣದ ಸೀಸೆ. ಸರಿಹೋಗಲಿಲ್ಲ. ಆಮೇಲೆ ಟೂತ್‌ಪೇಸ್ಟು. ಪಿಟೀಲು ಫೋನಲ್ಲಿ ಹೇಳಿದಾಗ್ಲೇ ನಂಗೆ ಎಲ್ಲಾ ಗೊತ್ತಾಯ್ತು."

"ಪೆಟ್ರೋಲ್ ಮುಚ್ಚಳದೊಳಗಿನ ಗುರುತು?"

"ನೀನೇ ಹೇಳ್ತೀಯಲ್ಲ, ಮೊದಲು ಕಾಣದ ಮೂಲೇಲಿ ನೋಡು ಅಂತ."

ತನ್ನ ಪಾಠ ಈ ಮನೆಯಲ್ಲಿ ಒಬ್ಬನಾದರೂ ಕೇಳಿಸಿಕೊಂಡಿದ್ದಾನೆ ಎಂದು ಸಂತೋಷಪಡಬೇಕೋ ಬೇಡವೋ ಆಕೆಗೆ ತಿಳಿಯಲಿಲ್ಲ. "ಎಲ್ಲಾ ಗೊತ್ತಿದ್ದೂ ಕೀಲಿ ಯಾಕೆ ಕೊಟ್ರಿ?"

"ನನ್ನ ಕೈಲೂ ಕೀಲಿ ಇದೆಯಲ್ಲ," ಎಂದ ಆತ. ಟಾರ್ಚನ್ನು ಜೇಬಿಗಿಳಿಸುತ್ತ, "ಮಗು ಬಸ್ಸಲ್ಲಿ ಬಾಯಿಬಿಟ್ಕೊಂಡು ಮಲಗೋದು ನಂಗೂ ಗೊತ್ತು," ಎಂದ.

ಆಕೆಯ ಕೋಪ ಇಳಿಯುವ ಹಾದಿಯಲ್ಲಿತ್ತು. ಆಗಲೇ ವೃತ್ತಿಯ ಅನುಮಾನವೊಂದು ತಲೆ ಎತ್ತಿತು. "ಇರಿ. ಟೂತ್‌ಪೇಸ್ಟ್ ಹಚ್ಚಿದ್ರೆ ಆ ಜಾಗ ಮಾತ್ರ ಫಳಫಳ ಅನ್ನುತ್ತೆ. ಅದು ನನ್ನ ಕಣ್ಣಿಗೆ ಯಾಕೆ ಬೀಳ್ಲಿಲ್ಲ? ಉಳಿದ ಕಾರನ್ನ ಹೇಗೆ ಹೊಂದಿಸಿದ್ರಿ?"

"ಹೊಂದಿಸೋದೇನು? ಆ ಜಾಗಕ್ಕೆ ಒಂದು ಹಿಡಿ ಧೂಳು ಹಚ್ಚಿದೆ. ಎರಡು ನಿಮಿಷದ ಕೆಲಸ."

ಆಕೆ ಕಾರನ್ನು ನೋಡಿದಳು. ಏಳು ಟ್ಯೂಬು, ಎರಡು ಇಡೀ ಮಧ್ಯಾಹ್ನ, ಅರ್ಧ ದಿನದ ರಜೆ, ಕುರ್ಚಿ ಹತ್ತಿ ಉಜ್ಜಿದ ನೆತ್ತಿ. ಲೋಕದ ಕಲೆಗಳನ್ನೆಲ್ಲ ಅಳಿಸಿದವಳ ತಲೆಗೆ ಕೊಳೆ ಹಚ್ಚುವ ಯೋಚನೆ ಬಂದಿರಲೇ ಇಲ್ಲ.

ಭಾನುವಾರ ಬೆಳಗ್ಗೆ ಇಬ್ಬರೂ ಸೇರಿ ಕಂಬ ಉಜ್ಜಿದರು. ನೀಲಿ ಹೋಯಿತು. ಕೊಳೆಹಿಡಿದ ಕಂಬದ ನಡುವೆ ಒಂದು ಮೊಳ ಜಾಗ ಬಂಗಾರದಂತೆ ಹೊಳೆಯಿತು. "ಧೂಳು ಹಚ್ಲಾ?" ಎಂದ ಗಂಡ. "ನಾನು ಬದುಕಿರೋವರೆಗೂ ಆಗಲ್ಲ," ಎಂದಳು ಆಕೆ. ಇಡೀ ಕಂಬ ತೊಳೆದರು. ಆಗ ಕಾವಲುಗಾರ ಬಂದು ನೋಡಿ, "ಏಳನೇದು ಚೆನ್ನಾಗಾಯ್ತು. ಪಕ್ಕದ ಆರು, ಎಂಟು ಈಗ ಎದ್ದು ಕಾಣ್ತವೆ," ಎಂದು ಬಕೆಟ್ಟಿಗೆ ಹೊಸ ನೀರು ತುಂಬಿಸಿ ಕೊಟ್ಟು ಹೋದ. ಗಂಡ ಆರನೆಯದರ ಬುಡದಲ್ಲೇ ಬೆನ್ನು ಹಿಡಿದು ಕೂತ. ಆಕೆ ಎಂಟನ್ನೂ ಮುಗಿಸಿದಳು.

ಸೋಮವಾರ ಬೆಳಗ್ಗೆ ಎಂಟಕ್ಕೆ ಕಾರಿನಲ್ಲಿ ಕೂತಳು. ಶಾಶ್ವತವಾದ ಕೀಲಿ ಹಾಕಿದಳು. ಕಾರು ಗುರ್ ಎಂದಿತು. ಸ್ಟೀರಿಂಗ್ ಹಿಡಿಯಲು ಕೈ ಎತ್ತಿದಳು. ಕೈ ಬರಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ಇಡೋಣವೆಂದರೆ ಎಡಗೈಯೂ ಅದೇ ಕಂಬಗಳ ಋಣ ತೀರಿಸಿತ್ತು. ಭುಜದಿಂದ ಕೆಳಗೆ ಎಲ್ಲವೂ ಮುಷ್ಕರ.

"ಅಮ್ಮಾ, ಕಾರು ಯಾಕೆ ಹೋಗ್ತಿಲ್ಲ?" ಎಂದಳು ಪಿಟೀಲು.

"ಕಾರು ಹೋಗುತ್ತೆ ಮರಿ. ಅಮ್ಮ ಹೋಗ್ತಿಲ್ಲ."

ಎಂಟು ಹತ್ತಕ್ಕೆ ಬಸ್ಸು ಬಂತು. ಪಿಟೀಲಿನ ಹಿಂದೆ ಆಕೆ ಮೆಟ್ಟಿಲು ಹತ್ತಿದಾಗ ಕಂಡಕ್ಟರಮ್ಮ ಮೊದಲು ಆಕೆಯ ಬೆರಳಲ್ಲಿ ನೇತಾಡುತ್ತಿದ್ದ ಕಾರಿನ ಕೀಲಿಯನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ಟಿಕೆಟ್ ಹರಿದು ಕೈಗೆ ಚಾಚಿದಳು. ಕೈ ಏಳಲಿಲ್ಲ. ಹಳೆಯ ಅಭ್ಯಾಸದಂತೆ ಆಕೆ ಬಾಯಿ ತೆರೆದಳು. ಕಂಡಕ್ಟರಮ್ಮ ಟಿಕೆಟ್ಟನ್ನು ಅವಳ ಹಲ್ಲಿಗೇ ಕಚ್ಚಿಸಿ, "ಬಾಗಿಲು ಬಿಟ್ಟು ಒಳಗೆ ನಡೀರಿ," ಎಂದಳು.